ಅಣ್ಣನ ಎದುರಿಗೆ ಕೇಳಿದ ಪ್ರಶ್ನೆ

ತನಗೆ ಕ್ಯಾನ್ಸರ್ ಎಂದು ತಿಳಿದು ಸಮಾಧಾನಪಟ್ಟ ಮನುಷ್ಯನನ್ನು ನನ್ನ ವಕೀಲಿ ಬದುಕಿನಲ್ಲಿ ನಾನು ಕಂಡದ್ದು ಒಬ್ಬನನ್ನೇ. ಹೆಸರು ರಂಗಸಾಮಿ, ಊರು ಗೂಡಲೂರು. ನಮ್ಮ ಜನವೇ. ಅಂದರೆ, ಯಾವ ಕಾಲದಲ್ಲೋ ಈ ಕಂಬಂ ಕಣಿವೆಗೆ ಬಂದು ನೇಗಿಲು ಹೂಡಿ, ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ ಎಂದು ಬದುಕಿಕೊಂಡು ಬಂದ ಒಕ್ಕಲು ಮನೆತನದವನು. ಅರವತ್ತರ ದಶಕದ ನಡುವಿನ ಮಾತು ಇದು. ಆಗ ನಾನು ಪೆರಿಯಕುಳಂನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗಿದ್ದೆ.

ಈಗ ಕೋಟು ಹೊಲಿಸಿಕೊಂಡು ಬರುವ ಎಳೆಯರು ನನ್ನನ್ನು ಕೇಳುವುದುಂಟು: ಡಾಕ್ಟರರ ತಪ್ಪಿನ ಮೇಲೆ ಆ ಕಾಲದಲ್ಲಿ ಯಾರಾದರೂ ಕೋರ್ಟಿಗೆ ಹೋಗುತ್ತಿದ್ದರೇ, ಹೋದರೆ ಏನು ದಾರಿಗಳಿದ್ದವು ಎಂದು. ದಾರಿಗಳಿದ್ದವು. ಆದರೆ ಬಂದ ಮನುಷ್ಯ ಹೋಗಬೇಕಾದ ಊರಿಗೆ ಅವು ಹೋಗುತ್ತಿರಲಿಲ್ಲ, ಅಷ್ಟೆ. ರಂಗಸಾಮಿಯ ಮೊಕದ್ದಮೆಯನ್ನೇ ಹೇಳುತ್ತೇನೆ.

ಅವನು ಅಣ್ಣ ಮಲ್ಲಪ್ಪನ ಜೊತೆ ಆಫೀಸಿಗೆ ಬಂದ. ಅಣ್ಣ ಕುರ್ಚಿಯಲ್ಲಿ ಕೂತ, ತಮ್ಮ ಬಾಗಿಲ ಬಳಿ ನಿಂತ. ಕೂರು ಎಂದರೂ ಕೂರಲಿಲ್ಲ. ಇಬ್ಬರಿಗೂ ತಲೆ ನರೆತಿತ್ತು. ತಮ್ಮನ ದನಿ ಒಡೆದು ಹೋಗಿ ಪಿಸುಮಾತಿನಷ್ಟೇ ಉಳಿದಿತ್ತು. ಮದುರೆಯ ಆಸ್ಪತ್ರೆಯ ಕಾಗದವನ್ನು ಮೇಜಿನ ಮೇಲಿಟ್ಟು, ಮಗ ಪರೀಕ್ಷೆ ಪಾಸಾದ ಸುದ್ದಿ ಹೇಳುವವನ ಮುಖ ಮಾಡಿಕೊಂಡು ಹೇಳಿದ:

“ಕ್ಷಯ ಅಲ್ಲ ಅಂತ ಬರ್ದವ್ರೆ, ವಕ್ಕೀಲಯ್ಯ. ಪುತ್ತು ಅಂತ ಬರ್ದವ್ರೆ.”

ಕಣಿವೆಯಲ್ಲಿ ಕ್ಯಾನ್ಸರಿಗೆ ಪುತ್ತು ಎನ್ನುತ್ತಾರೆ. ನಮ್ಮ ಹಿರಿಯ ವಕೀಲರಿಗೆ ಕನ್ನಡ ಬಾರದು. ನಾನು ತಮಿಳಿಗೆ ತಿರುಗಿಸಿ ಹೇಳಿದಾಗ ಅವರು ಕನ್ನಡಕ ತೆಗೆದು ಅವನನ್ನು ಸುಮಾರು ಹೊತ್ತು ನೋಡಿದರು. ಇವನಿಗೆ ಕಾಯಿಲೆ ಏನೆಂದು ತಿಳಿದಿಲ್ಲವೋ, ತಿಳಿದೂ ಹೀಗಿದ್ದಾನೋ ಎಂಬ ಅನುಮಾನ ಅವರಿಗೆ. ನನಗೂ ಅದೇ ಕುತೂಹಲ.

ಅವನಿಗೆ ಎಲ್ಲ ತಿಳಿದಿತ್ತು. ವರ್ಷಕ್ಕೂ ಹಿಂದೆ ಕೆಮ್ಮಿನಲ್ಲಿ ರಕ್ತ ಬಂದಾಗ ಅಣ್ಣ ಅವನನ್ನು ತೇನಿಯ ಒಬ್ಬ ಡಾಕ್ಟರ ಬಳಿ ಕರೆದೊಯ್ದಿದ್ದ. ಕಣಿವೆಯ ಅರ್ಧ ಜನಕ್ಕೆ ಅವರೇ ದೇವರು. ಫಿಲಂ ತೆಗೆಸಿದರು, ಬಲಗಡೆ ಮೇಲುಭಾಗದಲ್ಲಿ ಕಲೆ ಇತ್ತು, ಕ್ಷಯ ಎಂದರು. ಸೂಜಿ, ಮಾತ್ರೆ, ನುಂಗಲಾಗದ ಪುಡಿ ಎಲ್ಲ ಶುರುವಾಯಿತು. ಕಫದ ಪರೀಕ್ಷೆ ಮಾತ್ರ ಮಾಡಿಸಲಿಲ್ಲ. ಈಗಿನವರಿಗೆ ಇದು ಘೋರವಾಗಿ ಕಾಣಬಹುದು. ಆಗ ಅಂಥ ಕಲೆ ಕಂಡರೆ ನೂರಕ್ಕೆ ನೂರು ಕ್ಷಯವೇ ಎಂದು ಓದುವುದು ವಾಡಿಕೆಯಾಗಿತ್ತು, ಬಹುಪಾಲು ಸರಿಯೂ ಆಗುತ್ತಿತ್ತು. ಮನೆಯವರು ಅವನನ್ನು ದ್ರಾಕ್ಷಿ ತೋಟದ ಗುಡಿಸಲಿಗೆ ಕಳಿಸಿದರು. ಊಟ ಅಲ್ಲಿಗೇ ಹೋಗುತ್ತಿತ್ತು. ಕಂಬಂನಲ್ಲಿದ್ದ ಅವನ ತಂಗಿ ಮಗನಿಗೆ ಇವನ ಮಗಳು ಲಕ್ಕಮ್ಮನನ್ನು ಕೊಡುವುದು ಎಂದೋ ಆಗಿದ್ದ ಮಾತು. ನಮ್ಮಲ್ಲಿ ಅದು ಮಾತಲ್ಲ, ಹಕ್ಕು. ಆ ತಂಗಿಯೇ ಬಂದು, ಕ್ಷಯದ ಮನೆಯಿಂದ ಹೆಣ್ಣು ತರಲಾರೆ ಎಂದು ಹೇಳಿ ಹೋದಳು.

ಮುಂದೆ ದನಿ ಒಡೆಯಿತು, ಕತ್ತಿನಲ್ಲಿ ಗಂಟು ಬಂತು. ಮದುರೆಯಲ್ಲಿ ಆ ಗಂಟಿನ ತುಣುಕು ತೆಗೆದು ನೋಡಿ ಕ್ಯಾನ್ಸರ್ ಎಂದರು. ಮೊದಲೇ ಬಂದಿದ್ದರೆ ಕೊಯ್ದು ತೆಗೆಯುವ ಯೋಚನೆ ಮಾಡಬಹುದಿತ್ತು, ಈಗ ಆಗದು ಎಂದೂ ಹೇಳಿದರು. ಕೋಪ ಬರಬೇಕಾದದ್ದು ಅಲ್ಲಿ. ರಂಗಸಾಮಿಗೆ ಬಂದದ್ದು ಹಗುರ. ಪುತ್ತು ಅಂಟುವ ರೋಗವಲ್ಲ, ಮಗಳಿಗೆ ಕಳಂಕವಿಲ್ಲ. ಆದರೆ ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಹೆಣ್ಣಿನ ಮದುವೆಗೆಂದು ಇವರೇ ಕಟ್ಟಿದ ಕತೆ ಎಂದರು. ಮದುರೆಯ ಇಂಗ್ಲಿಷ್ ಕಾಗದ ಯಾರಿಗೆ ಬೇಕು? ಕ್ಷಯ ಎಂದು ಹೇಳಿದ ಬಾಯೇ ಅಲ್ಲ ಎಂದೂ ಹೇಳಬೇಕು.

“ದುಡ್ಡು ಬ್ಯಾಡ,” ಎಂದ ರಂಗಸಾಮಿ. “ಡಾಕ್ಟ್ರು ನಮ್ಮೂರ್ಗೆ ಬಂದು ಯೋಳ್ಲಿ. ಅದ್ಕೆ ಚಟ್ಟ ಐತಾ?”

ಚಟ್ಟ ಎಂದರೆ ಕಾನೂನು, ತಮಿಳಿನ ಮಾತು. ಕನ್ನಡ ನಾಡಿನಿಂದ ಬಂದ ನನ್ನ ಹೆಂಡತಿ ಇದನ್ನು ಮೊದಲ ಸಲ ಕೇಳಿ, ಹೆಣ ಹೊರುವುದು ಇದಕ್ಕೇಕೆ ಎಂದು ಬೆಚ್ಚಿದ್ದಳು.

ಹಿರಿಯರಿಗೆ ಪಾಠ ಹೇಳುವ ಚಟ. ಕೈಕೆಳಗಿನವನು ಎದುರಿಗಿದ್ದರಂತೂ ಕೇಳುವುದೇ ಬೇಡ. ಅಂದು ಸಂಜೆ ಪುಸ್ತಕಗಳನ್ನು ಇಳಿಸಿ ಒಂದೊಂದಾಗಿ ದಾರಿ ತೋರಿಸಿದರು. ನಿರ್ಲಕ್ಷ್ಯದಿಂದ ಹಾನಿಯಾಯಿತೆಂದು ಸಿವಿಲ್ ದಾವೆ ಹೂಡಿ ಪರಿಹಾರ ಕೇಳಬಹುದು. ಆದರೆ ತಪ್ಪು ಗುರುತಿಸಿದ ಮಾತ್ರಕ್ಕೆ ನಿರ್ಲಕ್ಷ್ಯವಾಗದು. ಸಾಧಾರಣ ಜಾಗರೂಕತೆಯಿರುವ ಡಾಕ್ಟರು ಮಾಡುತ್ತಿದ್ದುದನ್ನು ಇವರು ಮಾಡಲಿಲ್ಲ ಎಂದು ತೋರಿಸಬೇಕು, ಅದರಿಂದಲೇ ಕೆಡುಕಾಯಿತೆಂದೂ ತೋರಿಸಬೇಕು. ಹಾಗೆಂದು ಕಟಕಟೆಯಲ್ಲಿ ನಿಂತು ಹೇಳಲು ಇನ್ನೊಬ್ಬ ಡಾಕ್ಟರು ಬೇಕು. ಅವರವರಲ್ಲಿ ಒಬ್ಬರ ಮೇಲೊಬ್ಬರು ಸಾಕ್ಷಿ ನುಡಿಯುವ ಕಾಲವೇ ಅದಲ್ಲ. ಕ್ರಿಮಿನಲ್ ದೂರು ಕೊಡಬಹುದು, ಆದರೆ ತಪ್ಪು ಬೇರೆ ಅಪರಾಧ ಬೇರೆ, ಮೊದಲ ದಿನವೇ ಬಿದ್ದುಹೋಗುತ್ತದೆ. ವೈದ್ಯರ ಕೌನ್ಸಿಲ್ಲಿಗೆ ಮದ್ರಾಸಿಗೆ ಬರೆಯಬಹುದು, ಉತ್ತರ ಬರುವಷ್ಟರಲ್ಲಿ ಬರೆದವನು ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯಾಗಿದ್ದರೆ ಮೊದಲು ನೋಟಿಸು ಕೊಟ್ಟು ಕಾಯಬೇಕಿತ್ತು. ಇದು ಖಾಸಗಿ, ಅದೊಂದು ತಾಪತ್ರಯ ತಪ್ಪಿತು.

ಒಬ್ಬನಿಗೆ ಇಂಥ ರೋಗ ಇರಲಿಲ್ಲ ಎಂದು ಕೋರ್ಟಿನಿಂದ ಘೋಷಣೆ ಪಡೆಯಬಹುದೇ ಎಂದು ನಾನು ಕೇಳಿದೆ. ಹಕ್ಕು, ಅಂತಸ್ತು ಇವುಗಳ ಬಗ್ಗೆ ಘೋಷಣೆ ಸಿಗುತ್ತದೆ, ಶ್ವಾಸಕೋಶದ ಬಗ್ಗೆ ಸಿಗುವುದಿಲ್ಲ ಎಂದು ಅವರು ನಕ್ಕರು. ನಾನು ಆಮೇಲೆಯೂ ಪುಸ್ತಕಗಳನ್ನು ಮಗುಚಿ ನೋಡಿದೆ. ಆಸ್ತಿಗೆ, ದತ್ತಕ್ಕೆ, ಮದುವೆಗೆ ಎಲ್ಲದಕ್ಕೂ ದಾರಿಯಿತ್ತು, ಇದಕ್ಕಿರಲಿಲ್ಲ.

ಸರಳ ದಾರಿ ಹಿಡಿಯೋಣವೆಂದು ನಾನೇ ತೇನಿಗೆ ಹೋಗಿ ಡಾಕ್ಟರನ್ನು ಕಂಡೆ. ಬಂದು ಒಂದು ಮಾತು ಹೇಳಿ ಹೋಗಿ ಸಾಕು ಎಂದೆ. ಮನುಷ್ಯ ಕೆಟ್ಟವರಲ್ಲ. ಮದುರೆಯ ಕಾಗದ ಓದಿ ಮುಖ ಬಾಡಿತು. ಬರುತ್ತೇನೆ ಎಂದರು. ಮಾರನೆಯ ದಿನ ಅವರ ವಕೀಲರಿಂದ ಹೇಳಿಕೆ ಬಂತು, ಬರುವುದಿಲ್ಲ ಎಂದು. ಬಾಯಿಬಿಟ್ಟರೆ ಅದೇ ತಪ್ಪೊಪ್ಪಿಗೆಯಾಗುತ್ತದೆ, ಅದೇ ಸಾಕ್ಷಿಯಾಗುತ್ತದೆ ಎಂದು ಅವರನ್ನು ಹೆದರಿಸಿದ್ದರು. ಬಿಸಿತುಪ್ಪದ ಪಾಡು ಅವರದು, ಉಗುಳಲೂ ಆಗದು, ನುಂಗಲೂ ಆಗದು. ಹಾಗಾಗಿ ಒಂದು ಮಾತಿಗೋಸ್ಕರ ದಾವೆಯನ್ನೇ ಹೂಡಬೇಕಾಯಿತು. ಕಟಕಟೆಗೆ ಹತ್ತಿಸಿದರೆ ಹೇಳಲೇಬೇಕಲ್ಲ ಎಂಬುದು ನಮ್ಮ ಲೆಕ್ಕ.

ಮೊದಲ ವಾಯಿದೆಯ ದಿನವೇ ನಗೆಪಾಟಲು. ಎಕ್ಸ್‌ರೇ ಫಿಲಂ ಎಂಬುದನ್ನು ಆ ಕೋರ್ಟಿನಲ್ಲಿ ಅಷ್ಟರತನಕ ಯಾರೂ ಕಂಡಿರಲಿಲ್ಲ. ಹಿರಿಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಲೆ ಬಲಗಡೆ ಎಂದರು. ಎದುರು ವಕೀಲರು ಆಚೆಯಿಂದ ನೋಡಿ ಎಡಗಡೆ ಎಂದರು. ಎತ್ತು ಏರಿಗೆ, ಕೋಣ ನೀರಿಗೆ ಎಂದು ಇಬ್ಬರೂ ಎಳೆದಾಡಿದರು. ಆಚೆ ಬದಿಯಿಂದ ನೋಡಿದರೆ ಫಿಲಂನಲ್ಲಿ ಎಡಬಲ ತಿರುವುಮುರುವಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮುನ್ಸಿಫರು ಪೆನ್ನು ಕೆಳಗಿಟ್ಟು, ಯಾವ ಕಡೆಯ ಶ್ವಾಸಕೋಶವೆಂದು ವಕೀಲರು ಮೊದಲು ತಮ್ಮತಮ್ಮಲ್ಲಿ ತೀರ್ಮಾನ ಮಾಡಿಕೊಂಡು ಬರಲಿ ಎಂದು ವಾಯಿದೆ ಮುಂದಕ್ಕೆ ಹಾಕಿದರು. ನಾನು ಅಂದಿನಿಂದ ಡಾಕ್ಟರರ ಸ್ನೇಹ ಮಾಡಿ ಫಿಲಂ ಓದುವುದನ್ನು ಒಂದಿಷ್ಟು ಕಲಿತೆ. ಕ್ಷಯವೂ ಕ್ಯಾನ್ಸರೂ ಅದರಲ್ಲಿ ಎಷ್ಟೊಂದು ಹೋಲುತ್ತವೆ ಎಂಬುದನ್ನು ನೋಡಿದ ಮೇಲೆ ತೇನಿಯ ಡಾಕ್ಟರ ಮೇಲಿನ ಸಿಟ್ಟು ನನಗೆ ಅರ್ಧ ಇಳಿದು ಹೋಯಿತು.

ಇಷ್ಟರಲ್ಲಿ ರಂಗಸಾಮಿ ಹಾಸಿಗೆ ಹಿಡಿದ. ಇಲ್ಲೊಂದು ಕಾನೂನಿನ ಮಾತು, ಎಳೆಯರು ನೆನಪಿಡಬೇಕಾದ್ದು. ಮೈಗಾದ ಹಾನಿಗೆ ಹೂಡಿದ ದಾವೆ, ಹೂಡಿದವನು ಸತ್ತರೆ ಅವನ ಜೊತೆಗೇ ಸಾಯುತ್ತದೆ. ಹೊಲದ ದಾವೆಯನ್ನು ಮಕ್ಕಳು ಮುಂದುವರಿಸಬಹುದು, ಎದೆಯ ದಾವೆಯನ್ನು ಆಗದು. ಆ ಹಾನಿಯಿಂದಲೇ ಸತ್ತನೆಂದು ಮನೆಯವರು ಬೇರೆ ದಾವೆ ಹೂಡಬಹುದು, ಆದರೆ ಕೊಂದದ್ದು ರೋಗವೋ ಡಾಕ್ಟರೋ ಎಂಬ ಪ್ರಶ್ನೆಗೆ ಅಲ್ಲಿ ತಲೆ ಚಚ್ಚಿಕೊಳ್ಳಬೇಕು. ಅವನ ಉಸಿರಿರುವಾಗಲೇ ಏನಾದರೂ ಆಗಬೇಕಿತ್ತು. ಬರಲಾಗದ ರೋಗಿಯ ಹೇಳಿಕೆಯನ್ನು ಮನೆಯಲ್ಲೇ ಪಡೆಯಲು ಕಮಿಷನರನ್ನು ಕಳಿಸಿ ಎಂದು ಅರ್ಜಿ ಹಾಕಿದೆವು. ಮುನ್ಸಿಫರು ಒಪ್ಪಿ ಒಬ್ಬ ವಯಸ್ಸಾದ ವಕೀಲರನ್ನು ಕಮಿಷನರಾಗಿ ನೇಮಿಸಿದರು. ಅವರಿಗೆ ಕನ್ನಡದ ಗಂಧವಿಲ್ಲ. ಅದಕ್ಕೇನೂ ಅಡ್ಡಿಯಿರಲಿಲ್ಲ, ನಮ್ಮವರು ತಮಿಳನ್ನು ನೀರಿನಂತೆ ಆಡುತ್ತಾರೆ.

ಬೇಸಿಗೆ ರಜೆಗೆ ಮುಂಚಿನ ಬಿಸಿಲು. ಬಸ್ಸಿನಲ್ಲಿ ಗೂಡಲೂರಿಗೆ ಹೋದೆವು. ಹಿರಿಯರಿಗೆ ಅಂದು ಮದುರೆಯಲ್ಲಿ ಕೆಲಸವಿದ್ದು ನಾನೊಬ್ಬನೇ ಮೊಕದ್ದಮೆ ನಡೆಸಬೇಕಿತ್ತು. ತೇನಿಯ ಡಾಕ್ಟರು ತಮ್ಮ ವಕೀಲರ ಜೊತೆ ಕಾರಿನಲ್ಲಿ ಬಂದರು. ಪ್ರತಿವಾದಿಗೆ ಹಾಜರಿರುವ ಹಕ್ಕಿದೆ. ಅಂಗಳದಲ್ಲಿ ಬೇವಿನ ಮರದ ಕೆಳಗೆ ರಂಗಸಾಮಿಯ ಮಂಚ ಹಾಕಿದ್ದರು. ಕಮಿಷನರಿಗೆ ಶಾಲೆಯಿಂದ ಮೇಜು ತಂದಿದ್ದರು. ಊರು ಊರೇ ನೆರೆದಿತ್ತು. ಕೋರ್ಟು ತಾನಾಗಿ ಮನೆಗೆ ಬಂದದ್ದನ್ನು ಯಾರು ತಾನೇ ಬಿಟ್ಟಾರು? ಹೆಂಗಸರ ನಡುವೆ ಕಂಬಂನ ತಂಗಿಯೂ ಕೂತಿದ್ದಳು. ಲಕ್ಕಮ್ಮ ಅಪ್ಪನ ಬೆನ್ನಿಗೆ ದಿಂಬು ಒತ್ತಿ ಹಿಡಿದು ನಿಂತಿದ್ದಳು. ಅಣ್ಣ ಮಲ್ಲಪ್ಪ ಮಂಚದ ಎದುರಿಗೇ ಕುರ್ಚಿ ಹಾಕಿಕೊಂಡಿದ್ದ.

ನನ್ನ ಪ್ರಶ್ನೆಗಳಿಗೆ ಅವನು ತಡೆದು ತಡೆದು, ಪಿಸುದನಿಯಲ್ಲೇ, ಸರಿಯಾಗಿ ಉತ್ತರ ಕೊಟ್ಟ. ಆಮೇಲೆ ಎದುರು ವಕೀಲರು ಎದ್ದರು. ಅವರ ಬಳಿ ಒಂದೇ ಬಾಣವಿತ್ತು, ಒಳ್ಳೆಯ ಬಾಣ. ಬೆಳೆಯ ಮೂಟೆಗಳನ್ನು ದಿಂಡಿಗಲ್ಲಿನ ಮಂಡಿಗೆ ಒಯ್ಯುವ ದಿನಗಳಲ್ಲಿ ರಂಗಸಾಮಿ ಸುರುಟ್ಟು ಸೇದುತ್ತಿದ್ದ ಎಂಬ ಸುಳಿವು ಅವರಿಗೆ ಅಲ್ಲಿಂದ ಸಿಕ್ಕಿತ್ತು. ಅಲ್ಲಿಯ ದಪ್ಪ ಹೊಗೆಸೊಪ್ಪಿನ ಸುರುಟ್ಟು ಹೆಸರುವಾಸಿ. ಸುರುಟ್ಟು ಸೇದುತ್ತೀಯಾ ಎಂದು ಡಾಕ್ಟರು ಮೊದಲ ದಿನ ನಿನ್ನನ್ನು ಕೇಳಿದರೋ ಇಲ್ಲವೋ, ನೀನು ಇಲ್ಲ ಎಂದೆಯೋ ಇಲ್ಲವೋ, ನಿಜವಾಗಿ ಸೇದುತ್ತಿದ್ದೆಯೋ ಇಲ್ಲವೋ? ಸೇದುವವನೆಂದು ತಿಳಿದಿದ್ದರೆ ಡಾಕ್ಟರು ಕ್ಯಾನ್ಸರಿನ ಕಡೆಗೂ ನೋಡುತ್ತಿದ್ದರು, ಮುಚ್ಚಿಟ್ಟವನು ನೀನೇ ಎಂಬುದು ಅವರ ವಾದ.

ನಮ್ಮ ಆಫೀಸಿನಲ್ಲಿ ಹಿರಿಯರೂ ಅವನನ್ನು ಕೇಳಿದ್ದರು. ಇಲ್ಲ ಎಂದಿದ್ದ.

ರಂಗಸಾಮಿ ಬಾಯಿ ತೆರೆಯಲಿಲ್ಲ. ಅಣ್ಣನ ಕಡೆ ನೋಡಿದ, ನೆಲ ನೋಡಿದ. ಕಮಿಷನರು ಪೆನ್ನು ಎತ್ತಿಕೊಂಡು ಕಾದರು. ಅವರಿಗೆ ಅದು ಸುಳ್ಳುಗಾರನ ಮೌನ. ಅಂಗಳದಲ್ಲಿದ್ದ ನಮ್ಮ ಜನಕ್ಕೆಲ್ಲ ಅದು ಬೇರೆಯೇ. ನಮ್ಮ ಮನೆಗಳಲ್ಲಿ ಮೊಮ್ಮಕ್ಕಳನ್ನು ಕಂಡ ತಮ್ಮನೂ ಅಣ್ಣನೆದುರು ಹೊಗೆ ಬಿಡುವುದಿಲ್ಲ. ಬಿಡುವುದಿರಲಿ, ಸೇದುವೆನೆಂದು ಬಾಯಲ್ಲಿ ಹೇಳುವುದೂ ಇಲ್ಲ. ಡಾಕ್ಟರು ಕೇಳಿದಾಗಲೂ ಪಕ್ಕದಲ್ಲಿ ಅಣ್ಣನಿದ್ದ, ನಮ್ಮ ಹಿರಿಯರು ಕೇಳಿದಾಗಲೂ ಇದ್ದ, ಈಗಲೂ ಇದ್ದಾನೆ. ಹೌದು ಎಂದರೆ ಒಂದು ಜನ್ಮದ ಮರ್ಯಾದೆ ಹೋಯಿತು. ಇಲ್ಲ ಎಂದರೆ ಪ್ರಮಾಣ ಮಾಡಿ ಹೇಳಿದ ಸುಳ್ಳಾಗುತ್ತದೆ, ಮಗಳಿಗಾಗಿ ಹೂಡಿದ ದಾವೆಯಲ್ಲಿ ಅವನ ಮಾತನ್ನು ಮತ್ತೆ ಯಾರೂ ನಂಬುವುದಿಲ್ಲ.

ಆಗ ಮಲ್ಲಪ್ಪ ಕನ್ನಡದಲ್ಲಿ ಮಾತಾಡಿದ. ತಮ್ಮನಿಗೆ ಹೇಳಿದನೋ ಎಲ್ಲರಿಗೂ ಹೇಳಿದನೋ ತಿಳಿಯದು.

“ಯೋಳ್ಬುಡು, ರಂಗ. ನಂಗೆ ಗೊತ್ತು. ಮೊದ್ಲಿಂದ್ಲೂ ಗೊತ್ತು. ನಾ ತ್ವಾಟಕ್ಕೆ ಬರೋವಾಗ ದೂರದಿಂದ್ಲೇ ಕೆಮ್ಮಿಕಂಡು ಬತ್ತಿದ್ದೆ, ನೀ ಬಿಸಾಕ್ಲಿ ಅಂತ. ಡಾಕ್ಟ್ರು ಕ್ಯೋಳ್ದಾಗ ನಾ ಪಕ್ದಾಗೆ ಕುಂತಿದ್ದೆ. ನಾ ಕುಂತಿದ್ದಕ್ಕೇ ನೀ ಇಲ್ಲ ಅಂದೆ. ನಿನ್ನ ಮಾನ ಕಾಯಾಣ ಅಂತ ನಾನೂ ಸುಮ್ಕಿದ್ದೆ.”

ಕಮಿಷನರು ನನ್ನತ್ತ ತಿರುಗಿ ಇವರು ಏನಂದರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಎದುರು ವಕೀಲರು ಆಕ್ಷೇಪಣೆ ಎತ್ತಿದರು. ವಾದಿಯ ವಕೀಲ, ವಾದಿಯದೇ ಜಾತಿಯವನು, ಅವನ ಅನುವಾದ ನಂಬಲಾಗದು. ತಮ್ಮ ಕಕ್ಷಿದಾರರಾದ ಡಾಕ್ಟರು ಇದೇ ಜನರ ನಡುವೆ ಇಷ್ಟು ಕಾಲ ವೈದ್ಯ ಮಾಡಿದವರು, ಅವರಿಗೆ ಈ ಭಾಷೆ ತಿಳಿಯುತ್ತದೆ, ಅವರೇ ಹೇಳಲಿ ಎಂದರು. ಅಣ್ಣನ ಬಾಯಿಂದ ಹೌದು ಬಂದಿದೆ ಎಂಬಷ್ಟನ್ನು ಆ ವಕೀಲರು ಮುಖಗಳಲ್ಲೇ ಓದಿಕೊಂಡಿದ್ದರು. ಉಳಿದದ್ದು ಅವರಿಗೆ ತಿಳಿದಿರಲಿಲ್ಲ.

ಡಾಕ್ಟರು ಎದ್ದು ನಿಂತರು. ಮಲ್ಲಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ, ಕೆಮ್ಮಿಕೊಂಡು ಬರುತ್ತಿದ್ದುದನ್ನೂ ಬಿಡದೆ, ತಮಿಳಿನಲ್ಲಿ ಹೇಳಿದರು. ಅಲ್ಲಿಗೆ ಅನುವಾದ ಮುಗಿದಿತ್ತು. ಅವರು ಕೂರಲಿಲ್ಲ. ಅವರ ವಕೀಲರು ಕೋಟಿನ ತುದಿ ಹಿಡಿದು ಎಳೆದರು. ಆಗ ಅವರು ತಮಿಳು ಬಿಟ್ಟು, ತಮಗೆ ಬಂದಷ್ಟು ನಮ್ಮ ಮಾತಿನಲ್ಲೇ ಹೇಳಿದರು:

“ತಪ್ಪು ನಂದು. ಅಣ್ಣ ಇರೋವಾಗ ತಮ್ಮ ಹೌದು ಅನ್ನಲ್ಲ ಅಂತ ನಂಗೆ ಗೊತ್ತು. ಅಣ್ಣನ್ನ ಆಚೆ ಕಳ್ಸಿ ಕೇಳ್ಬೇಕಾಗಿತ್ತು, ಕಳ್ಸಿಲ್ಲ. ಕಫನೂ ನೋಡ್ಲಿಲ್ಲ. ಇವ್ರಿಗೆ ಕ್ಷಯ ಇಲ್ಲ. ಯಾವತ್ತೂ ಇರ್ಲಿಲ್ಲ.”

ಅಂಗಳದಲ್ಲಿ ಒಂದು ಗುಜುಗುಜು ಎದ್ದು ಅಡಗಿತು. ರಂಗಸಾಮಿ ಕಮಿಷನರ ಕಡೆ ತಿರುಗಿ, ಸೇದುತ್ತಿದ್ದೆ, ಬರೆದುಕೊಳ್ಳಿ ಎಂದ. ಹಿಂದಿನಿಂದ ಲಕ್ಕಮ್ಮ ಅಳುತ್ತಿದ್ದುದು ನನಗೆ ಕಾಣಿಸಿತು. ಕಮಿಷನರ ಸಂಕಟವೇ ಬೇರೆ. ಅಣ್ಣ ಸಾಕ್ಷಿಯಲ್ಲ, ಡಾಕ್ಟರು ಇಂದಿನ ಸಾಕ್ಷಿಯಲ್ಲ, ಇಷ್ಟನ್ನೂ ಯಾವ ಕಲಮಿನಲ್ಲಿ ಬರೆಯಬೇಕು? ಕೊನೆಗೆ ನಡೆದದ್ದು ನಡೆದ ಹಾಗೆ ಬರೆದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಮುನ್ಸಿಫರು ಆ ಹಾಳೆಗಳನ್ನು ಎರಡು ಸಲ ಓದಿದರು. ನಾವು ರಾಜಿ ಅರ್ಜಿ ಕೊಟ್ಟೆವು: ವಾದಿಗೆ ಕ್ಷಯ ಇರಲಿಲ್ಲವೆಂದು ಪ್ರತಿವಾದಿ ಒಪ್ಪುತ್ತಾರೆ, ವಾದಿ ಪರಿಹಾರವನ್ನು ಬಿಡುತ್ತಾನೆ. ಇದು ಕೋರ್ಟೋ ಪಂಚಾಯ್ತಿಯೋ ಎಂದು ಅವರು ಗೊಣಗಿದರು. ಗೊಣಗಿಕೊಂಡೇ ರಜೆಗೆ ಮುಂಚೆ ಸಹಿ ಹಾಕಿದರು. ನಮ್ಮ ಹಿರಿಯರಿಗೆ ಮಾತ್ರ ಬೇಸರ. ಡಾಕ್ಟರ ಬಾಯಿಂದಲೇ ತಪ್ಪೊಪ್ಪಿಗೆ ಬಂದಿತ್ತು, ಗೆಲ್ಲಬಹುದಾಗಿತ್ತು, ತೀರ್ಪು ಬಂದಿದ್ದರೆ ಪುಸ್ತಕದಲ್ಲಿ ಅಚ್ಚಾಗುತ್ತಿತ್ತು ಎಂದು ಬಹುಕಾಲ ಹಲುಬಿದರು. ಕೋರ್ಟಿನಲ್ಲಿ ಗೆದ್ದವನು ಸೋತ ಎಂಬ ಗಾದೆಯನ್ನು ಅವರಿಗೆ ನೆನಪಿಸಿದೆ. ಆ ವಾರ ನನಗೆ ಕಾಫಿ ತರಿಸಲಿಲ್ಲ.

ಈಗ ಕಾಲ ಬದಲಾಗಿದೆ. ಗ್ರಾಹಕರ ನ್ಯಾಯಾಲಯ ಬಂದಿದೆ, ಆಸ್ಪತ್ರೆಯ ದಾಖಲೆ ಕೇಳಿ ಪಡೆಯಬಹುದು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಸಿಗುವುದು ಅಷ್ಟು ಕಷ್ಟವಲ್ಲ. ನನ್ನ ಕಾಲದ ಗೋಡೆಗಳಲ್ಲಿ ಎಷ್ಟೋ ಈಗ ಬಾಗಿಲಾಗಿವೆ. ಅವನ್ನು ಪುಸ್ತಕದಿಂದ ಕಲಿಯಿರಿ. ನನ್ನಿಂದ ಕಲಿಯಬೇಕಾದದ್ದು ಇಷ್ಟೇ: ಕಕ್ಷಿದಾರ ಬಂದಾಗ ಅವನಿಗೆ ಬೇಕಾದದ್ದೇನು ಎಂದು ಕೇಳಿ, ನಮ್ಮಲ್ಲಿರುವುದನ್ನು ಅವನಿಗೆ ಬೇಕಾಗಿದೆ ಎಂದುಕೊಳ್ಳಬೇಡಿ. ಅವನ ಜೊತೆ ಯಾರು ಬಂದಿದ್ದಾರೆ ನೋಡಿ. ನಾನಂತೂ ಆಮೇಲೆ ದಿಂಡಿಗಲ್ಲಿನಲ್ಲಿ ನನ್ನದೇ ಆಫೀಸು ಮಾಡಿದಾಗ, ಜೊತೆಗೆ ಬಂದವರನ್ನು ಮೊದಲು ಹೊರಗಿನ ಬೆಂಚಿಗೆ ಕಳಿಸುತ್ತಿದ್ದೆ. ಎಷ್ಟೋ ಮಂದಿಗೆ ಅದು ಅಹಂಕಾರವಾಗಿ ಕಂಡಿತು.

ರಜೆ ಮುಗಿಯುವುದರೊಳಗೆ ರಂಗಸಾಮಿ ತೀರಿಕೊಂಡ. ಗುಡಿಸಲಲ್ಲಿ ಅಲ್ಲ, ಮನೆಯ ಪಡಸಾಲೆಯಲ್ಲಿ. ಸೂತಕ ಕಳೆದು, ಒಳ್ಳೆಯ ತಿಂಗಳು ಬಂದಾಗ ಲಕ್ಕಮ್ಮನ ಮದುವೆ ಕಂಬಂನ ಅತ್ತೆಯ ಮಗನ ಜೊತೆಯೇ ಆಯಿತು. ಧಾರೆ ಎರೆದವನು ಮಲ್ಲಪ್ಪ. ತೇನಿಯ ಡಾಕ್ಟರನ್ನೂ ಕರೆದಿದ್ದರು, ಬಂದಿದ್ದರು. ಊಟವಾದ ಮೇಲೆ ಮಲ್ಲಪ್ಪ ನನ್ನನ್ನು ಚಪ್ಪರದ ಆಚೆಗೆ ಕರೆದುಕೊಂಡು ಹೋದ. ಏನಾದರೂ ಕಾನೂನಿನ ಮಾತಿರಬಹುದು ಎಂದುಕೊಂಡೆ.

ಅವನು ತಮ್ಮ ಎಂಬ ತಮಿಳು ಮಾತಿನಲ್ಲಿ ನನ್ನನ್ನು ಕರೆದು ಹೇಳಿದ:

“ಕಡೇ ದಿನ್ಗಳಾಗೆ ರಂಗ ಒಂದ್ ದಪ ಕ್ಯೋಳ್ದ, ತಂಬಿ. ಅಣ್ಣಾ, ಎಂಗಿದ್ರೂ ಊರ್ಗೆಲ್ಲ ಗೊತ್ತಾಗೋಯ್ತಲ್ಲ, ನಿನ್ನ ಎದ್ರಿಗೆ ಒಂದು ಸೇದ್ಲಾ ಅಂತ. ಬ್ಯಾಡ ಅಂದ್ಬುಟ್ಟೆ. ಅವ್ನ ಎದೆಗೋಸ್ಕರ ಅಂದ್ನೋ, ನನ್ನ ದೊಡ್ಡತನಕ್ಕೋಸ್ಕರ ಅಂದ್ನೋ, ಇವತ್ಗೂ ತಿಳೀಲಿಲ್ಲ.”